ಇಳಿಯದೆ ನಿಂತ ಕಾಲು

ನಾನು ಒಂದು ಸುತ್ತಿಗೆ. ಹೆದರಬೇಡಿ, ಮೊಳೆ ಹೊಡೆಯುವ ಜಾತಿಯದಲ್ಲ. ಹಿಡಿ ಸ್ಟೀಲಿನದು, ತಲೆ ರಬ್ಬರಿನದು. ವೈದ್ಯರು ನನ್ನಿಂದ ಮೊಣಕಾಲ ಚಿಪ್ಪಿನ ಕೆಳಗೆ ಮೆಲ್ಲಗೆ ಬಡಿಯುತ್ತಾರೆ. ಕಾಲು ಚಿಮ್ಮಿ ತಟ್ಟನೆ ಇಳಿಯುತ್ತದೆ. ಅಂಬಾಲದ ಕಾರ್ಖಾನೆಯಲ್ಲಿ ಹುಟ್ಟಿದಾಗ, ಇಷ್ಟೇ ತಾನೇ ಕೆಲಸ, ಆರಾಮಾಗಿ ಬದುಕಬಹುದು ಅಂದುಕೊಂಡಿದ್ದೆ. ಅಯ್ಯೋ, ಈ ಪುಕ್ಕಲು ಜೀವಕ್ಕೆ ಏನು ಗೊತ್ತಿತ್ತು!

ಗದಗಿನ ಡಾಕ್ಟರ್ ಹುಯಿಲಗೋಳರು ನನ್ನನ್ನು ಕೊಂಡರು. ಒಳ್ಳೆಯ ಮನುಷ್ಯ. ಆದರೆ ಕಾಯಿಲೆ ದೊಡ್ಡದಾಗಿದ್ದರೆ ರೋಗಿಗೆ ಬಿಡಿಸಿ ಹೇಳುತ್ತಿರಲಿಲ್ಲ. ಜೊತೆಗೆ ಬಂದವರ ಕಡೆ ತಿರುಗಿ, ಅದನ್ನು ಗುರುತಿಸಿದ ಪರದೇಶದ ವೈದ್ಯನ ಹೆಸರನ್ನಷ್ಟೇ ಹೇಳುತ್ತಿದ್ದರು. ಪಾರ್ಕಿನ್ಸನ್ಸ್, ಆಲ್‌ಝೈಮರ್ಸ್, ಹಾಡ್ಜ್‌ಕಿನ್ಸ್. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಹೆಸರು ಕೇಳಿ ನಡುಗುತ್ತಿದ್ದವನು ನಾನೊಬ್ಬನೇ.

ಒಂದು ದಿನ ಬೆಟಗೇರಿಯ ನೇಕಾರ ಹನಮಂತಸಾ ಬಂದ. ಅವನ ಕೈಕಾಲು ತಾವಾಗಿಯೇ ಕುಣಿಯುತ್ತಿದ್ದವು. ಮಗ್ಗದ ಮೇಲೆ ಎಳೆಗಳು ಹರಿಯುತ್ತಿದ್ದವು. ಕುಡುಕ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರಂತೆ. ಪಾಪ, ಅವನು ಒಂದು ಹನಿಯನ್ನೂ ಮುಟ್ಟಿದವನಲ್ಲ. ನಾನು ಮೊಣಕಾಲಿಗೆ ಬಡಿದೆ. ಕಾಲು ಮೇಲೆ ಹೋಯಿತು, ಇಳಿಯಲಿಲ್ಲ. ಗಾಳಿಯಲ್ಲಿ ಹಾಗೇ ನಿಂತು, ನಿಧಾನವಾಗಿ ಕೆಳಗೆ ಬಂತು. ನನ್ನ ಜೀವ ಬಾಯಿಗೆ ಬಂತು.

“ಹಂಟಿಂಗ್ಟನ್ಸ್,” ಎಂದರು ಡಾಕ್ಟರು, ಅವನ ತಮ್ಮನಿಗೆ. ಅದು ಮೆದುಳನ್ನೇ ಸವೆಸುವ ರೋಗ, ಗುಣಪಡಿಸುವ ಮದ್ದಿಲ್ಲ, ಮಕ್ಕಳಿಗೂ ದಾಟಬಹುದು ಎಂಬುದನ್ನು ಹೇಳಲಿಲ್ಲ. ಬಾಗಿಲಲ್ಲಿ ಹನಮಂತಸಾನ ಮಗಳು ಅಂಬುಜಾ ನಿಂತಿದ್ದಳು. ಅವಳಿಗಾಗಲೇ ಗಂಡು ನೋಡುತ್ತಿದ್ದರು.

“ಹೆಸರ ಐತಿ ಅಂದಮ್ಯಾಲೆ ಔಷಧಾನೂ ಇರ್ತೈತಿ ಬಿಡವ್ವಾ,” ಎಂದು ಚಿಕ್ಕಪ್ಪ ಅವಳಿಗೆ ಸಮಾಧಾನ ಹೇಳಿದ. ಹನಮಂತಸಾನನ್ನು ಕರೆದುಕೊಂಡು ಇಬ್ಬರೂ ನಿರಾಳವಾಗಿ ಹೊರಟರು.

ಹನಮಂತಸಾ ತೀರಿಕೊಂಡ. ವಯಸ್ಸಾಗಿ ಹುಯಿಲಗೋಳರೂ ಹೋದರು. ನಾನು ಅವರ ಶಿಷ್ಯೆ ಡಾಕ್ಟರ್ ಜುಬೇದಾ ಅವರ ಕೈಗೆ ಬಂದೆ.

ಒಂದು ಮಧ್ಯಾಹ್ನ ಅದೇ ಅಂಬುಜಾ ಬಂದಳು. ಕೂದಲು ನೆರೆಯತೊಡಗಿತ್ತು. “ಕೈಯಾಗಿನ ಕಪ್ಪು ಬಸಿ ಬೀಳಾಕತ್ಯಾವ್ರಿ. ನಮ್ಮಪ್ಪಗೂ ಹಿಂಗ ಸುರು ಆಗಿತ್ತು.”

ನನ್ನನ್ನು ಎತ್ತಬೇಡಿ ಎಂದು ಮನಸ್ಸಿನಲ್ಲೇ ಗೋಗರೆದೆ. ಎತ್ತಿದರು, ಬಡಿದರು. ಕಾಲು ಮೇಲೆ ಹೋಗಿ ನಿಂತುಬಿಟ್ಟಿತು.

“ಇದು ಹಂಟಿಂಗ್...” ಎಂದರು ಜುಬೇದಾ.

“ಹೆಸರ ಬ್ಯಾಡ್ರಿ. ಅಪ್ಪನ ಕಾಲಕ್ಕ ಹೆಸರ ಕೇಳೇವಿ. ಸೋಮವಾರ ನನ್ನ ಮಗಳ ನಿಶ್ಚಿತಾರ್ಥ ಐತಿ. ಆಕೀಗೂ ಬರ್ತೈತೇನ್ರಿ? ಅಷ್ಟ ಹೇಳ್ರಿ.”

ಡಾಕ್ಟರು ನನ್ನನ್ನು ಮೇಜಿನ ಮೇಲಿಟ್ಟು ಅವಳ ಕೈ ಹಿಡಿದರು. “ನಿಮಗ ಅದ ಇದ್ರ, ಆಕೀಗೆ ಬರಬಹುದು, ಬರದನೂ ಇರಬಹುದು. ಅರ್ಧಕ್ಕರ್ಧ. ರಕ್ತ ಪರೀಕ್ಷೆಯಿಂದ ಗೊತ್ತಾಕ್ಕೈತಿ. ಮಾಡಿಸೋದು ಬಿಡೋದು ಆಕೀಗೆ ಬಿಟ್ಟದ್ದು.”

“ಹೇಳಿದ್ರ ಸಂಬಂಧ ಮುರೀತೈತ್ರಿ.”

“ಮುರೀಬಹುದು.”

ಅಂಬುಜಾ ಸೆರಗಿನಿಂದ ಮುಖ ಒತ್ತಿಕೊಂಡು ಅತ್ತಳು. “ನನಗ ಆವಾಗ ಯಾರರ ಹೇಳಿದ್ರ...” ಎಂದಳು. ಆಮೇಲೆ ಎದ್ದು ನಿಂತಳು. “ಇವತ್ತ ಹೇಳ್ತೀನ್ರಿ.” ಬಾಗಿಲ ತನಕ ಹೋಗಿ ತಿರುಗಿದಳು. “ಆದ್ರ ಮಗಳಿಗೆ ಹೆಂಗ ಹೇಳಬೇಕ್ರಿ? ಮೊದಲನೇ ಮಾತು ಏನಂತ ಆಡ್ಲಿ?”

“ನಾನೂ ಬರ್ತೀನಿ, ನಡೀರಿ,” ಎಂದು ಜುಬೇದಾ ಚಪ್ಪಲಿ ಮೆಟ್ಟಿ ಅವಳೊಂದಿಗೆ ಹೊರಟರು.

ಈಗ ನನ್ನ ರಬ್ಬರು ಬಿರುಕುಬಿಟ್ಟು, ಡ್ರಾಯರಿನ ಮೂಲೆಯಲ್ಲಿ ಬಿದ್ದಿದ್ದೇನೆ. ಆ ಮಗಳು ಪರೀಕ್ಷೆಗೆ ಒಪ್ಪಿದಳೋ ಇಲ್ಲವೋ ತಿಳಿಯದು. ಹೊರಗೆ ಯಾವ ಹುಡುಗಿಯ ದನಿ ಕೇಳಿದರೂ ಎದೆ ಧಸಕ್ಕೆನ್ನುತ್ತದೆ. ಅವಳೇ ಬಂದರೂ ಅವಳ ಮೊಣಕಾಲಿಗೆ ಬಡಿಯಲು ನನ್ನನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಅಷ್ಟೇ ನನಗಿರುವ ಸಮಾಧಾನ.