ಎರಡು ಹುಣಸೆ ಬೀಜದ ಕೈಗಡ

೨೦೨೪ರ ಜನವರಿ ಹನ್ನೊಂದು, ಗುರುವಾರ. ಅಳಗುಳಿ ಮಣೆಯಲ್ಲಿ ಹದಿನಾಲ್ಕು ಗುಳಿ. ಗುಳಿಗೆ ಐದರಂತೆ ಎಪ್ಪತ್ತು ಹುಣಸೆ ಬೀಜ. ಎಣಿಸಿ ನೋಡಿದ ಮೇಲೆಯೇ ನಾನು ಆಟಕ್ಕೆ ಕುಳಿತೆ.

ಮದುಕ್ಕರೈ ದಾಟಿದ ಮೇಲೆ ಪಾಲಕ್ಕಾಡ್ ರಸ್ತೆಯಲ್ಲಿರುವ ಆ ವೃದ್ಧಾಶ್ರಮದಲ್ಲಿ ಒಂದು ನಿಯಮವಿದೆ. ನೋಡಲು ಬರುವ ಸ್ವಯಂಸೇವಕನಿಗೆ ಒಬ್ಬ ನಿವಾಸಿ, ಹನ್ನೆರಡು ವಾರ, ಅನಂತರ ಬೇರೊಬ್ಬರು. ಕೊಯಮತ್ತೂರಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನನಗೆ ನಿಯಮಗಳ ಬಗ್ಗೆ ತಕರಾರಿಲ್ಲ. ಮೇಲ್ವಿಚಾರಕಿ ಗೋಕಿಲಾ ನನ್ನ ಹೆಸರು ವ್ಯಾಸರಾಯ ಎಂದು ಕೇಳಿದೊಡನೆ, ಮನೆಮಾತು ಕನ್ನಡವೇ ಎಂದು ವಿಚಾರಿಸಿ, ಮೂಲೆಯ ಕೋಣೆಗೆ ಕರೆದೊಯ್ದಳು.

ಅಲ್ಲಿದ್ದವಳು ಚಿನ್ನತಾಯಿ, ಕಾರಮಡೈ ಕಡೆಯ ಒಕ್ಕಲು ಮನೆತನದ ಹೆಂಗಸು. ಪಾರ್ಶ್ವವಾಯು ಬಡಿದಾಗ ನಡಿಗೆ ಹೋಯಿತು. ಬದುಕಿಡೀ ಸಂತೆಯಲ್ಲಿ ಆಡಿದ ತಮಿಳೂ ಅದರ ಜೊತೆಗೆ ಹೋಯಿತು. ಉಳಿದದ್ದು ಮನೆಯೊಳಗಿನ ಕನ್ನಡ. ಅದನ್ನು ಅರಿಯುವವರು ಅಲ್ಲಿ ಯಾರೂ ಇಲ್ಲದ್ದರಿಂದ, ಅಜ್ಜಿ ಮಾತು ಬಿಟ್ಟಿದ್ದಾಳೆಂದೇ ಎಲ್ಲರೂ ತಿಳಿದಿದ್ದರು.

ಹೇಗಿದ್ದೀರಿ ಎಂದು ಕೇಳಿದೆ. ಬಹಳ ಹೊತ್ತು ನನ್ನ ಬಾಯನ್ನೇ ನೋಡಿದಳು. ಆಮೇಲೆ ಮಂಚದ ಕೆಳಗಿದ್ದ ಮಣೆಯನ್ನು ತೋರಿಸಿದಳು.

ಎಡಗೈಯಿಂದ ಬೀಜ ಬಿತ್ತುತ್ತ ಆಕೆ ಮಾತಿಗೆ ತೊಡಗಿದಳು. ಬಾಳೆತೋಟಕ್ಕೆ ಆನೆ ನುಗ್ಗಿದಾಗ ಗಂಡ ರಾಮಸಾಮಿ ತಗಡು ಬಾರಿಸುತ್ತ ಹೋಗಿ, ತನ್ನ ಸದ್ದಿಗೆ ತಾನೇ ಬೆದರಿ ಕಾಲುವೆಗೆ ಬಿದ್ದ ಕಥೆಯನ್ನು ಮೂರು ಗುರುವಾರ ಹೇಳಿದಳು. ಮಣೆಯನ್ನು ಬದಿಗಿಟ್ಟರೆ ಮಾತೂ ನಿಲ್ಲುತ್ತಿತ್ತು. ನಾನು ಕೇಳುತ್ತಿದ್ದೆ. ಹೆಂಡತಿ ಪದ್ಮಾಕ್ಷಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿಯೂ ಕನ್ನಡಕ್ಕೆ ಕೆಲಸವಿರಲಿಲ್ಲ. ಹಾಲಿನವನು, ಔಷಧದ ಅಂಗಡಿ, ಕೆಳಮನೆಯವರು, ಎಲ್ಲರೊಡನೆಯೂ ತಮಿಳು. ಗೋಡೆಗೆ ಯಾವ ಭಾಷೆಯೂ ಬೇಡ.

ಆಟದ ಕ್ರಮ ಸರಳ. ಒಂದು ಸುತ್ತಿನಲ್ಲಿ ಸೋತವನು ತನ್ನಲ್ಲಿ ಉಳಿದ ಬೀಜಗಳಿಂದ ತುಂಬುವಷ್ಟು ಗುಳಿ ತುಂಬಿ, ತುಂಬದವಕ್ಕೆ ಕಡ್ಡಿ ಇಟ್ಟು ಮುಚ್ಚಬೇಕು. ಒಂದು ಗುಳಿಯನ್ನೂ ತುಂಬಲಾಗದವನ ಆಟ ಮುಗಿಯಿತು. ನಾನು ಬೀಜ ಎತ್ತುವ ಮೊದಲೇ ಕೊನೆಯ ಬೀಜ ಎಲ್ಲಿ ಬೀಳುವುದೆಂದು ಲೆಕ್ಕ ಹಾಕುತ್ತಿದ್ದೆ. ಆಕೆ ಕಥೆಯ ಜಾಡು ಹಿಡಿದು ಬಿತ್ತುತ್ತಿದ್ದಳು. ವಾರದಿಂದ ವಾರಕ್ಕೆ ಆಕೆಯ ಬದಿಯಲ್ಲಿ ಕಡ್ಡಿಗಳು ಹೆಚ್ಚಿದವು.

ಐದನೆಯ ಗುರುವಾರ ಆಕೆ ಐದು ಬೀಜ ಕೈಗಡ ಕೇಳಿದಳು. ಅವರ ಊರಿನಲ್ಲಿ ಹಾಗೆ ಕೊಡುವ ರೂಢಿಯಂತೆ. ಕಡ ತೀರುವವರೆಗೆ ಮಣೆ ಮಡಿಸುವಂತಿಲ್ಲವಂತೆ. ನಮ್ಮ ಮನೆಯಲ್ಲಿ ಆ ರೂಢಿಯಿಲ್ಲ ಎಂದೆ. ಯಾವ ವಿದ್ಯಾರ್ಥಿಗೂ ನಾನು ಬಾರದ ಅಂಕ ಕೊಟ್ಟವನಲ್ಲ.

"ನೀ ಆಟಕ್ಕೆ ಬಂದಿಯಾ ವಾತ್ಯಾರೇ, ಪರೀಕ್ಷೆ ಪೇಪರ್ ತಿದ್ದಕ್ಕೆ ಬಂದಿಯಾ?" ಎಂದಳು. ಮೇಷ್ಟ್ರಿಗೆ ವಾತ್ಯಾರ್, ಲೆಕ್ಕಕ್ಕೆ ಕಣಕ್ಕು, ಹೀಗೆ ಮನೆಗನ್ನಡದಲ್ಲಿ ಬೆರೆತ ತಮಿಳು ಮಾತ್ರ ಆಕೆಯಲ್ಲಿ ಉಳಿದಿತ್ತು.

ಹನ್ನೆರಡನೆಯ ವಾರಕ್ಕೆ ಆಟವೂ ಅವಧಿಯೂ ಒಟ್ಟಿಗೆ ಮುಗಿಯುವುದೆಂದು ನಾನು ಅಂದಾಜು ಮಾಡಿದ್ದೆ. ಶೇಷವಿಲ್ಲದ ಭಾಗಾಕಾರದಂತೆ ಅದು ನನಗೆ ಒಪ್ಪಿಗೆಯಾಗಿತ್ತು. ಹನ್ನೊಂದನೆಯ ವಾರ, ಮುಂದಿನ ಗುರುವಾರ ಕಡೆಯದೆಂದೂ ಅನಂತರ ಪಕ್ಕದ ಕಟ್ಟಡದ ಒಬ್ಬ ನಿವೃತ್ತ ಅಧಿಕಾರಿಯನ್ನು ನೋಡಬೇಕೆಂದೂ ತಿಳಿಸಿದೆ. ಆಕೆ ತನ್ನ ಪಾಲಿನ ಬೀಜಗಳನ್ನು ಎಣಿಸತೊಡಗಿದಳು.

ಮಾರ್ಚ್ ಇಪ್ಪತ್ತೆಂಟು. ನನ್ನಲ್ಲಿ ಅರವತ್ತೈದು ಬೀಜ, ಆಕೆಯಲ್ಲಿ ಐದು. ಒಂದು ಗುಳಿ. ನಾನು ನನ್ನ ಬದಿಯನ್ನು ತುಂಬಿ ಕಾದೆ. ಆಕೆ ಐದು ಬೀಜಗಳನ್ನೂ ಎಡಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು, ಗೋಡೆಯ ಕಡೆಗೆ ಮುಖ ತಿರುಗಿಸಿದ್ದಳು. ಆಡಿ ಎಂದೆ. ಮುಷ್ಟಿ ಬಿಚ್ಚಲಿಲ್ಲ. ರಸ್ತೆಯಲ್ಲಿ ಸಿಮೆಂಟಿನ ಲಾರಿಗಳು ಒಂದರ ಹಿಂದೊಂದು ಹೋದವು.

ಐದನೆಯ ಗುರುವಾರ ಆಕೆ ಕೇಳಿದ್ದು ಗೆಲ್ಲುವುದಕ್ಕಲ್ಲ, ಮಣೆ ಮಡಿಸದಿರಲೆಂದು ಎಂಬುದು ಆಗ ನನಗೆ ಹೊಳೆಯಿತು. ಈಗ ಕೈಗಡ ಕೊಡುತ್ತೇನೆ, ಎಷ್ಟು ಬೇಕು ಎಂದು ಕೇಳಿದೆ.

"ನಂಗೆ ಬ್ಯಾಡ," ಎಂದಳು ಗೋಡೆಗೆ. "ಕಡ ತಗಂಡವ್ರಲ್ವಾ ತೀರ್ಸಕ್ಕೆ ನಡ್ದು ಬರ್ಬೇಕು. ನಂಗೆ ಕಾಲೆಲ್ಲೈತೆ?"

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

"ಹಾಗಾದ್ರೆ ನೀವೇ ನಂಗೆ ಎರಡು ಕೊಡಿ."

ಆಕೆ ತಿರುಗಿದಳು. "ಅರವತ್ತೈದು ಮಡಿಕ್ಕೊಂಡು ಎರಡು ಕಡ ಕೇಳ್ತೀಯಾ? ಇದು ಯಾವ ಕಣಕ್ಕು ವಾತ್ಯಾರೇ?"

"ತಪ್ಪು ಕಣಕ್ಕು," ಎಂದೆ.

ಮುಷ್ಟಿ ಮೆಲ್ಲನೆ ಬಿಚ್ಚಿತು. ಬೆವರಿಗೆ ಅಂಟಿಕೊಂಡಿದ್ದ ಬೀಜಗಳಲ್ಲಿ ಎರಡನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟಳು. ಉಳಿದ ಮೂರನ್ನು ದಿಂಬಿನ ಕೆಳಗೆ ಸೇರಿಸಿದಳು.

ಏಪ್ರಿಲಿನಿಂದ ನಾನು ಅಧಿಕಾರಿಯ ಬಳಿ ನಿಯಮದಂತೆ ಒಂದು ಗಂಟೆ ಕುಳಿತುಕೊಳ್ಳುತ್ತೇನೆ. ಅವರು ತಮಿಳಿನಲ್ಲಿ ಪತ್ರಿಕೆ ಓದುತ್ತಾರೆ, ನಾನು ಕೇಳುತ್ತೇನೆ. ಅನಂತರ ಬಸ್ಸಿಗೆ ಹೊರಡುವ ಮೊದಲು ಮೂಲೆಯ ಕೋಣೆಗೆ ಹೋಗುತ್ತೇನೆ. ಸಾಲವಿದೆ ಎಂದು ಗೋಕಿಲಾಗೆ ಹೇಳಿದ್ದೇನೆ. ಆಕೆ ಎಷ್ಟೆಂದು ಕೇಳಲಿಲ್ಲ. ಮಣೆ ಮಂಚದ ಮೇಲೆ ತೆರೆದೇ ಇರುತ್ತದೆ.

"ತಂದ್ಯಾ?" ಎನ್ನುತ್ತಾಳೆ ಚಿನ್ನತಾಯಿ.

ಮರೆತೆ ಎನ್ನುತ್ತೇನೆ. ಕಡಗಾರನೆಂದೂ ಮರೆಗುಳಿಯೆಂದೂ ಬೈಯುತ್ತಾಳೆ. ಆನೆಯ ಕಥೆ ಅಲ್ಲಿಂದ ಶುರುವಾಗುತ್ತದೆ. ಮುಂದಿನ ಗುರುವಾರದವರೆಗೆ ಆಕೆ ಯಾರೊಡನೆ ಮಾತನಾಡುತ್ತಾಳೆಂದು ನಾನು ಕೇಳಿಲ್ಲ. ನನ್ನನ್ನೂ ಯಾರೂ ಕೇಳಿಲ್ಲ.

ಬೀಜಗಳು ನನ್ನ ಅಂಗಿಯ ಜೇಬಿನಲ್ಲಿಯೇ ಇರುತ್ತವೆ. ಎರಡೂ ಬಾಕಿ.