ಶುಭ ಶುಕ್ರವಾರದ ಶರಬತ್ತು

ಗುರುವಾರ ಬೆಳಗ್ಗೆ, ಬೆಂದ ಒಣದ್ರಾಕ್ಷಿಯನ್ನು ಮಲ್ಲಿನ ಬಟ್ಟೆಯಲ್ಲಿ ಕಟ್ಟಿ, ಗಂಟನ್ನು ತಿರುವಿ ತಿರುವಿ ಹಿಂಡುತ್ತಿದ್ದಾಗ ಪ್ರೇಮಾಳ ಫೋನು ಗುಂಯ್‌ಗುಟ್ಟಿತು. ಕೈಯೆಲ್ಲ ಕಪ್ಪುಗೆಂಪು ರಸ. ಹಿಡಿತ ಬಿಟ್ಟರೆ ಗಂಟು ಸಡಿಲಾಗಿ ತೊಗಟೆಯೆಲ್ಲ ಪಾತ್ರೆಗೆ ಬೀಳುತ್ತದೆ.

"ಪ್ರಾರ್ಥನಾ, ಯಾರದು ನೋಡವಾ!"

"ದೊಡ್ಡಣ್ಣ ಅಂಕಲ್ ವಾಯ್ಸ್ ಮೆಸೇಜ್, ಮಮ್ಮಿ. ಹಾಕ್ಲಾ?" ಮಗಳು ಫೋನನ್ನು ಅಮ್ಮನ ಕಿವಿಗೇ ಹಿಡಿದಳು.

"ಪ್ರೇಮವ್ವಾ, ವಡೋದರಾದಿಂದ ಇನ್ನೊಂದೆರಡು ಕುಟುಂಬ ಹೆಚ್ಚಿಗಿ ಬರಾಕತ್ತಾವ. ರಸ ಕಡಿಮಿ ಬೀಳಬಾರದ ನೋಡು. ಕುರ್ಚಿ ಸಾಲಲಿಲ್ಲಂದ್ರ ನೆಲದ ಮ್ಯಾಲ ಕುಂದ್ರತೀವಿ, ಅದರ ಚಿಂತಿ ಬ್ಯಾಡ!"

ಪ್ರೇಮಾಳಿಗೆ ನಗು ತಡೆಯಲಾಗಲಿಲ್ಲ. ಸೂರತ್ತಿನ ಬಳಿಯ ಹಜೀರಾದ ಈ ಕಂಪನಿ ಕಾಲೋನಿಗೆ ಬಂದಾಗಿನಿಂದ ಅವಳು ನಾಳೆಯಂಥ ದಿನಕ್ಕಾಗಿ ಕಾದಿದ್ದಳು. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಚದುರಿಹೋದ ಕನ್ನಡ ಕ್ರೈಸ್ತರು ವರ್ಷಕ್ಕೊಮ್ಮೆ, ಶುಭ ಶುಕ್ರವಾರದಂದು, ಯಾರಾದರೊಬ್ಬರ ಮನೆಯಲ್ಲಿ ಕೂಡುತ್ತಾರೆ. ಈ ವರ್ಷ ಅವಳ ಸರದಿ. ರೊಟ್ಟಿ ಮುರಿದು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಗುರುವಾರ ಸಂಜೆಯೇ ಆಗಬೇಕಾದದ್ದು. ಆದರೆ ಎಲ್ಲರಿಗೂ ರಜೆ ಸಿಗುವುದು ಶುಕ್ರವಾರ, ಹಾಗಾಗಿ ಅಂದೇ. ಯಾರ ಮನೆಯಲ್ಲಿ ಕೂಟವೋ ಆ ಮನೆಯ ಹೆಂಗಸು ರಸ ಮಾಡಬೇಕು. ಮದ್ಯ ನಿಷೇಧದ ರಾಜ್ಯದಲ್ಲಿ ದ್ರಾಕ್ಷಾರಸ ಅಂದರೆ ಇದೇ: ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಹಿಂಡಿ, ತಣ್ಣಗೆ ಮಾಡಿಟ್ಟದ್ದು. ಪ್ರೇಮಾ ತನ್ನ ಬೆಟಗೇರಿಯ ಅತ್ತೆ ಹೇಳಿಕೊಟ್ಟಂತೆ ಅದಕ್ಕೆ ಒಂದು ಲವಂಗ ಹಾಕುತ್ತಾಳೆ.

ಈ ಲವಂಗದಿಂದಲೇ ಎಲ್ಲ ಶುರುವಾದದ್ದು.

ಮಂಗಳವಾರ ಅವಳು ರುಚಿ ನೋಡಲೆಂದು ಸ್ವಲ್ಪ ರಸ ಮಾಡಿದ್ದಳು. ಎದುರು ಮನೆಯ ತೃಪ್ತಿ ಕೊತ್ತಂಬರಿ ಸೊಪ್ಪು ಕೇಳಲು ಬಂದವಳು ಘಮಕ್ಕೆ ಮೂಗರಳಿಸಿ, ಯಾರನ್ನೂ ಕೇಳದೆ, ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿದುಬಿಟ್ಟಳು. ಸೂರತ್ತಿನ ಹೆಂಗಸು. ಪ್ರೇಮಾಳ ಅಡುಗೆಮನೆಯಲ್ಲಿ ಅವಳಿಗೆ ಗೊತ್ತಿಲ್ಲದ ಡಬ್ಬಿ ಇಲ್ಲ. ಪ್ರಾರ್ಥನಾಗೆ ಕಾಮಾಲೆಯಾದಾಗ ಆಸ್ಪತ್ರೆಯಲ್ಲಿ ಪ್ರೇಮಾಳ ಜೊತೆ ಬೆಂಚಿನ ಮೇಲೆ ಮಲಗಿದವಳು.

"ಅರೆ ಭಾಭೀ! ಬಹು ಸರಸ್! ಏನಿದು? ಯಾವುದಕ್ಕೆ ಮಾಡ್ತೀರಿ ಇದನ್ನ?" ಎಂದು ತನ್ನ ಭಾಷೆಯಲ್ಲಿ ಹೊಗಳಿ, ಹಿಂದಿಯಲ್ಲಿ ಕೇಳಿದಳು.

ಯಾವುದಕ್ಕೆ ಅಂತ ತಾನಾಗಿಯೇ ಕೇಳಿದಳು. ದೊಡ್ಡಣ್ಣ ವರ್ಷವಿಡೀ ಮೊಬೈಲಿನಲ್ಲಿ ನಡೆಸುವ ಕೂಟದಲ್ಲಿ ಹೇಳುತ್ತ ಬಂದದ್ದು ಇಂಥ ಗಳಿಗೆಯ ಮಾತನ್ನೇ. ಅಹಮದಾಬಾದಿನ ನರೋಡಾದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದುಕೊಂಡು ಸಭೆಯನ್ನೂ ನಡೆಸುವ ಮನುಷ್ಯ. ಕಡೇ ದಿನಗಳು ಅಂದರೆ ಹೆದರಿ ಮುಸುಕು ಹಾಕಿಕೊಳ್ಳುವುದಲ್ಲ, ಗಾಡಿ ಬರುತ್ತಿದೆ ಎಂದು ಸ್ಟೇಷನ್ನಿನಲ್ಲಿ ಕೂಗಿದಾಗ ಜನ ಗಂಟುಮೂಟೆ ಎತ್ತಿಕೊಂಡು ಖುಷಿಯಿಂದ ಎದ್ದು ನಿಲ್ಲುತ್ತಾರಲ್ಲ, ಹಾಗೆ ಎನ್ನುತ್ತಿದ್ದ. ಅಂತ್ಯಕ್ಕೆ ಮುಂಚೆ ಸುವಾರ್ತೆ ಎಲ್ಲ ಜನರ ಕಿವಿಗೂ ಬೀಳಬೇಕು. ಯಾರ ಮೇಲೂ ಹೇರಬೇಡಿ, ಯಾರನ್ನೂ ಹೆದರಿಸಬೇಡಿ, ಆದರೆ ಯಾರಾದರೂ ಕೇಳಿದರೆ ಬಾಯಿ ಮುಚ್ಚಿಕೊಂಡು ಕೂಡಬೇಡಿ.

ಪ್ರೇಮಾ ಬಾಯಿ ಮುಚ್ಚಿಕೊಂಡು ಕೂಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು. "ಶರಬತ್ತು. ಬೇಸಿಗೆಗೆ ಒಳ್ಳೇದು, ದೇಹ ತಂಪಾಗ್ತದೆ" ಅಂದಳು.

ತೃಪ್ತಿ ಅದನ್ನು ಅಲ್ಲಿಗೇ ಬಿಡುವ ಹೆಂಗಸಲ್ಲ. ಸಂಜೆಯೊಳಗೆ ಕಾಲೋನಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ 'ಪ್ರೇಮಾ ಭಾಭಿಯ ಕಿಶ್‌ಮಿಶ್ ಶರಬತ್ತು' ಫೋಟೋ ಸಮೇತ ಬಂತು. ಬುಧವಾರ ಮೆಟ್ಟಿಲ ತುಂಬ ಲವಂಗದ ವಾಸನೆ. ಗೇಟಿನ ಅಂಗಡಿಯಲ್ಲಿ ಕಪ್ಪು ಒಣದ್ರಾಕ್ಷಿ ಮುಗಿದುಹೋಯಿತು. ಕೆಳಗಿನ ಮನೆಯ ಪದ್ಮಾವತಿ ಅಜ್ಜಿ ಫೋನು ಮಾಡಿ, "ನಂದು ಕಹಿ ಆಗಿದೆ ಕಣಮ್ಮ, ಬೀಜ ತೆಗೀಬೇಕಿತ್ತಾ?" ಎಂದು ಕೇಳಿದರು. ಒಬ್ಬಾಕೆ ನಿಂಬೆಹಣ್ಣು ಹಿಂಡಿದಳಂತೆ, ಇನ್ನೊಬ್ಬಾಕೆ ಸೋಡಾ!

ಗಂಡ ಕಿಶೋರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಜಗತ್ತಿನ್ಯಾಗ ಯಾ ಮಿಷನರಿನೂ ಇಷ್ಟ ಲಗೂನ ಇಡೀ ಕಾಲೋನಿ ಹಿಡಿದಿಲ್ಲ ಬಿಡು!"

"ನಗಬ್ಯಾಡ್ರಿ. ಅಕಿ ಕೇಳಿದ್ಲು, ನಾ ಸುಳ್ಳ ಹೇಳಿದೆ. ಹೋಗಿ ಖರೇ ಹೇಳಿ ಬರಲೇನು?"

ಅವನ ನಗು ನಿಂತಿತು. "ಏನಂತ ಹೇಳ್ತೀ? ಇಲ್ಲಿ ಮತಾಂತರದ ಕಾನೂನ ಬಿಗಿ ಐತಿ. ಶರಬತ್ತು ಕೊಟ್ಟು ದೇವರ ಸುದ್ದಿ ಹೇಳಿದ್ರ ಆಮಿಷ ಅಂದಾರು. ಸೋಮವಾರ ಅವರ ಸಾಮಾನಿನ ಲಾರಿ ಬರತೈತಿ. ಚಂದಂಗ ಕಳಿಸಿಕೊಡು, ಸಾಕು."

ತೃಪ್ತಿಯ ಗಂಡನಿಗೆ ವಡೋದರಾಕ್ಕೆ ವರ್ಗವಾಗಿತ್ತು. ಕಿಶೋರನ ಮಾತು ತಪ್ಪೇನಲ್ಲ. ಪ್ರೇಮಾಳ ಭಯ ಮಾತ್ರ ಬೇರೆ. ಕಾನೂನಿಗಿಂತ ಅವಳು ಹೆದರುತ್ತಿದ್ದುದು ತೃಪ್ತಿಯ ಮುಖಕ್ಕೆ. ಆ ಮುಖ ಒಂದು ಸಲ ಬಿಗಿದುಕೊಂಡರೆ? 'ಓ, ಇಷ್ಟು ದಿನ ಇದಕ್ಕೇನಾ ಸ್ನೇಹ' ಅಂದುಬಿಟ್ಟರೆ? ಉಳಿದಿರುವ ನಾಲ್ಕು ದಿನದಲ್ಲಿ ಅದನ್ನು ತಿದ್ದಲಾದೀತೇ? ಹೇಳದೆ ಕಳಿಸಿದರೆ ಸ್ನೇಹವೇನೋ ಉಳಿಯುತ್ತದೆ. ಆದರೆ ತನ್ನ ಬದುಕಿನ ಅತಿ ದೊಡ್ಡ ಸುದ್ದಿಯನ್ನು ಬಚ್ಚಿಟ್ಟುಕೊಂಡ ಸ್ನೇಹ ಎಂಥದ್ದು?

ಶುಕ್ರವಾರ ಬೆಳಗ್ಗೆ ಮನೆ ಗಿಜಿಗುಟ್ಟಿತು. ಕೆಳಗಿನಿಂದಲೇ ದೊಡ್ಡಣ್ಣನ ದನಿ ಕೇಳಿಸಿತು. ಮೂರನೇ ಮಹಡಿ ಹತ್ತಿ ಬಂದವನು ಬೆವರು ಒರೆಸಿಕೊಳ್ಳುತ್ತ ಪ್ರೇಮಾಳನ್ನೇ ದಿಟ್ಟಿಸಿದ. ಅವನ ಕೈಯಲ್ಲೊಂದು ಖಾಲಿ ಲೋಟ.

"ಎದುರು ಮನಿ ಹೆಣಮಗಳು ಬಾಗಲದಾಗ ನಿಂತು, 'ದೂರದಿಂದ ಬಂದೀರಿ, ಶರಬತ್ತು ಕುಡೀರಿ' ಅಂದ್ಲು. ಕುಡದೆ. ರುಚಿ ಗುರ್ತ ಸಿಕ್ತು. ಏನವಾ ಇದು?"

ಪ್ರೇಮಾ ನಾಚಿಕೆಯಿಂದ ಎಲ್ಲ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಯ್ಯ, ಅದರಾಗ ಅಪಚಾರ ಏನೂ ಇಲ್ಲ ಬಿಡು. ಮೇಜಿನ ಮ್ಯಾಲಿಟ್ಟು ಅರ್ಪಿಸೂ ತನಕ ಅದು ಬರೇ ದ್ರಾಕ್ಷಿ ರಸ. ಆದ್ರ ಪ್ರೇಮವ್ವಾ, ರಸ ಎಲ್ಲಾರ ಮನಿಗೂ ಮುಟ್ಟೇತಿ, ಸುದ್ದಿ ಒಂದ ಮುಟ್ಟಿಲ್ಲ ನೋಡು."

ನಗುತ್ತಲೇ ಹೇಳಿ, ಲೋಟವನ್ನು ಅವಳ ಕೈಗಿಟ್ಟು ಅವನು ಒಳಗೆ ಹೋದ. ಪ್ರೇಮಾ ಮಾತ್ರ ಕೈಯಲ್ಲಿ ಆ ಲೋಟ ಹಿಡಿದು ನಿಂತೇ ಇದ್ದಳು.

ಆರಾಧನೆ ಶುರುವಾಯಿತು. ಸೋಫಾ, ಕುರ್ಚಿ, ಚಾಪೆ ಎಲ್ಲ ತುಂಬಿ, ಮಕ್ಕಳು ಕಿಟಕಿಯ ಕಟ್ಟೆ ಹತ್ತಿದರು. ವರ್ಷವೆಲ್ಲ ಹಿಂದಿಯಲ್ಲಿ ಗಂಟಲು ಕಟ್ಟಿಕೊಂಡಿದ್ದ ಜನ ಕನ್ನಡದಲ್ಲಿ ಬಾಯ್ತುಂಬ ಹಾಡಿದರು. ಆಮೇಲೆ ದೊಡ್ಡಣ್ಣ ಎದ್ದ.

"ಆತಗ ಶಿಲುಬಿ ಇಳದು ಬರಾಕ ಆಗತಿದ್ದಿಲ್ಲಂತಲ್ಲ. ಕೆಳಗ ನಿಂತ ಮಂದಿ 'ಇಳದು ಬಾ, ನಂಬತೀವಿ' ಅಂತ ಚ್ಯಾಷ್ಟಿ ಮಾಡಿದ್ರು. ಇಳದಿದ್ರ ತಾನೊಬ್ಬ ಉಳೀತಿದ್ದ. ಇಳೀಲಿಲ್ಲ, ಅದಕ್ಕ ನಾವು ಉಳಿದ್ವಿ. ಚ್ಯಾಷ್ಟಿ ಮಾಡಿದವರ ಸಲುವಾಗಿನೂ ಸತ್ತ. ಈಗ ತಿರುಗಿ ಬರತೀನಿ ಅಂದಾನ. ಬರೂ ಮೊದಲ ಈ ಮಾತು ಒಬ್ಬರಿಗೂ ತಪ್ಪಬಾರದು. ಯಾಕಂದ್ರ ಆತ ಯಾರನ್ನೂ ಬಿಟ್ಟು ಸತ್ತಿಲ್ಲ."

ಯಾರನ್ನೂ ಬಿಟ್ಟು ಸತ್ತಿಲ್ಲ. ಚಿಕ್ಕಂದಿನಿಂದ ಕೇಳಿದ ಮಾತು ಇವತ್ತು ಪ್ರೇಮಾಳಿಗೆ ತನ್ನದೇ ಹೆಸರು ಹಿಡಿದು ಕರೆದಂತೆ ಕೇಳಿಸಿತು. ಸಣ್ಣ ಬಟ್ಟಲುಗಳು ಕೈಯಿಂದ ಕೈಗೆ ದಾಟಿದವು. ಜನ ಕಣ್ಣು ಮುಚ್ಚಿ ಕುಡಿದರು. ಕೆಲವರು ಬಿಕ್ಕಿದರು. ತಾನು ಹಿಂಡಿದ ರಸವನ್ನು ತುಟಿಗೆ ತಂದುಕೊಂಡಾಗ ಪ್ರೇಮಾಳಿಗೂ ಅಳು ಒತ್ತರಿಸಿ ಬಂತು. ಅಳುವಿನೊಳಗೆ ಎದ್ದು ಕುಣಿಯಬೇಕೆನ್ನುವಂಥ ಸಂತೋಷವೂ ಇತ್ತು.

ಕಣ್ಣು ತೆರೆದರೆ, ಬಾಗಿಲಲ್ಲಿ ತೃಪ್ತಿ. ಬಿಸಿ ಢೋಕಳಾದ ತಟ್ಟೆ ಹಿಡಿದು, ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಾಳೆ. ಯಾವಾಗ ಬಂದಳೋ. ಬಟ್ಟಲುಗಳನ್ನು ನೋಡುತ್ತಿದ್ದಾಳೆ, ಅಳುವವರನ್ನು ನೋಡುತ್ತಿದ್ದಾಳೆ.

ಎಲ್ಲ ಮುಗಿದು ಜನ ಊಟಕ್ಕೆ ಎದ್ದ ಮೇಲೆ ಅವಳು ಪ್ರೇಮಾಳ ತೋಳು ಹಿಡಿದಳು. "ಭಾಭೀ, ಇದು ಅದೇ ಶರಬತ್ತಲ್ಲವಾ? ಇದನ್ನ ಕುಡಿದು ಎಲ್ಲ ಯಾಕೆ ಅತ್ತರು?"

ಪ್ರೇಮಾ ಬಾಯಿ ತೆರೆದಳು. ಅಷ್ಟರಲ್ಲಿ ಕಿಶೋರ್ ಪಕ್ಕಕ್ಕೆ ಬಂದ. "ಅರೆ ತೃಪ್ತಿ ಬೆನ್! ಇವತ್ತು ನಮ್ಮಲ್ಲಿ ಶೋಕದ ದಿನ, ಬೆಳಗ್ಗಿಂದ ಉಪವಾಸ ಬೇರೆ. ಬನ್ನಿ, ಊಟ ಮಾಡಿ ಹೋಗಿ" ಎಂದು ನಗುತ್ತ ತಟ್ಟೆ ಇಸಿದುಕೊಂಡ.

"ಹಾಂ, ಹಾಂ" ಎಂದಳು ತೃಪ್ತಿ. ಆದರೆ ಅವಳ ಕಣ್ಣು ಪ್ರೇಮಾಳ ಮುಖದ ಮೇಲೇ ಇತ್ತು. ಅದು ಬಿಗಿದುಕೊಂಡ ಮುಖವಲ್ಲ. ಉತ್ತರ ಸಿಗದ ಮುಖ. "ನಾಳೆ ಬರ್ತೀರಲ್ಲ ಭಾಭೀ? ಗಾಜಿನ ಪಾತ್ರೆ ಕಟ್ಟೋಕೆ ನೀವಿಲ್ಲದಿದ್ರೆ ನನ್ನ ಕೈಲಾಗಲ್ಲ."

"ಬರ್ತೀನಿ."

ಸಂಜೆ, ಎಲ್ಲರೂ ಹೊರಟುಹೋದ ಮೇಲೆ, ಕಿಶೋರ್ ಚಾಪೆ ಸುತ್ತುತ್ತ ಹೆಂಡತಿಯ ಕಡೆ ನೋಡಿದ. ಅವಳು ಕಸಬರಿಗೆ ಹಿಡಿದು ಕಿಟಕಿಯಾಚೆ, ಕಾರ್ಖಾನೆಯ ಚಿಮಣಿಗಳ ಹಿಂದೆ ಕೆಂಪಾಗುತ್ತಿದ್ದ ಆಕಾಶವನ್ನು ನೋಡುತ್ತಿದ್ದಳು. ಮುಖದ ತುಂಬ ಬೆಳಕು.

"ಏನ್ ವಿಚಾರ ಮಾಡಾಕತ್ತಿ? ದಣಿದಿಲ್ಲೇನ?"

"ಇಲ್ರಿ" ಎಂದಳು ಪ್ರೇಮಾ. "ನಾಳೆ ತೃಪ್ತಿ ಮನ್ಯಾಗ ಕೆಲಸ ಭಾಳ ಐತಿ."

ಅವಳು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು: ಯಾರೂ ಆಮಿಷ ಅನ್ನದಂತೆ, ಕೊಡುವುದಕ್ಕೆ ಕೈಯಲ್ಲಿ ಏನನ್ನೂ ಒಯ್ಯುವುದಿಲ್ಲ. ಗಾಜಿನ ಲೋಟಗಳನ್ನು ಕಾಗದದಲ್ಲಿ ಸುತ್ತುತ್ತ, ಮೊದಲು ತಾನು ಹೇಳಿದ್ದು ಸುಳ್ಳೆಂದು ಹೇಳುವುದು. ಆಮೇಲೆ, ತಮಗೆಲ್ಲ ಯಾಕೆ ಅಳು ಬಂತೆಂದು, ತನ್ನ ಹರಕು ಹಿಂದಿಯಲ್ಲೇ, ಮೊದಲಿಂದ ಕೊನೆಯವರೆಗೆ. ತೃಪ್ತಿ ಏನನ್ನುತ್ತಾಳೋ ಅದು ತೃಪ್ತಿಗೆ ಬಿಟ್ಟದ್ದು.

ಪ್ರಾರ್ಥನಾ ಒಳಗಿನಿಂದ ಕೂಗಿದಳು, "ಮಮ್ಮಿ, ಕೂಟ ಹೇಗಾಯ್ತು ಅಂತ ಬೆಟಗೇರಿ ಅಜ್ಜಿ ಫೋನು!"

"ಬಂದೆ" ಎಂದು ಪ್ರೇಮಾ ಬೇಗಬೇಗ ಕಸ ಗುಡಿಸತೊಡಗಿದಳು.