ಟಗರಿನ ಕೊರಳ ಹೆಣಿಗೆ

ಗೊಲ್ಲಾಳಪ್ಪನಿಗೆ ಕುರಿಗಳ ಮೇಲೆ ಎಂದೂ ಇಷ್ಟು ಸಿಟ್ಟು ಬಂದಿರಲಿಲ್ಲ. ಕುರಿಯಾದರೆ ಕಾಲು ಹಿಡಿದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತದೆ. ಮಗಳು ಛಾಯಾ ಎಡಗೈಯನ್ನು ಅವನ ತೊಡೆಯ ಮೇಲಿಟ್ಟು, ಬಲಗೈಯಲ್ಲಿ ಮೊಬೈಲ್ ನೋಡುತ್ತ, ನಗು ಬಂದಾಗಲೆಲ್ಲ ಎರಡೂ ಕೈ ಕುಣಿಸುತ್ತಿದ್ದಳು.

"ಕೈ ಅಳ್ಳಾಡಿಸಬ್ಯಾಡ."

"ಎಲ್ಲಿ ಅಳ್ಳಾಡಿಸೀನಪಾ?"

"ಹಂಗಾರ ಭೂಮಿ ಅಳ್ಳಾಡಾಕತ್ತದೇನು?"

ಮರುದಿನ ಛಾಯಾ ಸೊಲ್ಲಾಪುರದ ದವಾಖಾನೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕಿತ್ತು. ನಾಡಿ ಎಣಿಸಲು ಸೆಕೆಂಡಿನ ಮುಳ್ಳಿರುವ ಗಡಿಯಾರ ಕೈಯಲ್ಲಿರಲೇಬೇಕು, ಮೊಬೈಲ್ ನಡೆಯದು ಎಂದು ದೊಡ್ಡ ಸಿಸ್ಟರ್ ಹೇಳಿಬಿಟ್ಟಿದ್ದರು. ಅವಳ ಮೊದಲಿನ ಗಡಿಯಾರ ಪಟ್ಟಾ ಕಳಚಿ ಕುರನೂರ ಡ್ಯಾಮಿನ ನೀರು ಸೇರಿತ್ತು. ಈಗಿನದು ಸೋದರತ್ತೆಯ ಹಳೆಯದು. ಅದರ ಅಳತೆಯ ಪಟ್ಟಾ ಯಾವ ಅಂಗಡಿಯಲ್ಲೂ ಇಲ್ಲ. "ಕುರಿ ಕಾಯೂ ಕವಣಿ ಹೆಣಿತಿಯಲ್ಲಪಾ, ಹಂಗ ಹೆಣದು ಕೊಡು" ಎಂದು ಕರಿ ನೈಲಾನ್ ದಾರ ತಂದು ಮುಂದಿಟ್ಟಿದ್ದಳು.

ಅದೇನು ದಾರವೋ! ಉಣ್ಣೆಯಾದರೆ ಎಳೆಗೆ ಎಳೆ ಕಚ್ಚಿಕೊಳ್ಳುತ್ತದೆ. ಇದು ಅವಳ ಮಣಿಕಟ್ಟಿನ ಸುತ್ತ ಬಿಗಿದಷ್ಟೂ ಜಾರುತ್ತಿತ್ತು. ಸಾಲದ್ದಕ್ಕೆ ರೊಟ್ಟಿ ಕಟ್ಟುತ್ತಿದ್ದ ಹೆಂಡತಿ ಜನಾಬಾಯಿ ಒಳಗಿನಿಂದ ಕೂಗುತ್ತಲೇ ಇದ್ದಳು.

"ಆತೇನ್ರಿ? ಬಸ್ ಬರೂ ಹೊತ್ತಾತು."

"ನೀ ಕೇಳಿದಾಗೊಮ್ಮೆ ಒಂದೆಳಿ ತಪ್ತದ. ಕೇಳಬ್ಯಾಡ."

ಕೊನೆಗೂ ಮುಗಿಯಿತು. ತುದಿಗಳನ್ನು ಹೆಣಿಗೆಯೊಳಗೇ ತೂರಿಸಿ ಮುಚ್ಚಿದ. "ನೋಡು, ಗಂಟಿಲ್ಲ, ತುದಿ ಇಲ್ಲ."

ಛಾಯಾ ಕೈ ತಿರುಗಿಸಿ ನೋಡಿದಳು. ಚೆಂದವಿತ್ತು. ಮತ್ತೊಮ್ಮೆ ತಿರುಗಿಸಿದಳು.

"ಅಪ್ಪಾ, ಬಿಚ್ಚೂದೆಲ್ಲಿ?"

"ಬಿಚ್ಚೂದ್ಯಾಕ?"

"ಯಾಕಂದ್ರ? ಕೈ ತೊಳಿಯೂವಾಗೆಲ್ಲ ಗಡಿಯಾರ ತೆಗದಿಡಬೇಕು. ಹಿಂಗ ಹೋದ್ರ ನನ್ನ ವಾರ್ಡಿನೊಳಗ ಬಿಡ್ತಾರೇನು? ಅಳತಿ ನೋಡಾಕತ್ತೀ ಅನ್ಕೊಂಡಿದ್ದೆ ನಾ!"

"ಗಣಗಣ ಅನ್ನೂ ಗಂಟಿ ಕಟ್ಟೂ ಟಗರಿಗೆ ಹಿಂಗ ಕೊರಳ ಮ್ಯಾಲೇ ಹೆಣೀತೀನಿ. ಮುಳ್ಳಿಗೆ ಸಿಕ್ಕರೂ ಕಳಚೂದಿಲ್ಲ. ಬಿಚ್ಚೂದು ಇದ್ದದ್ದಕ್ಕ ಮೊದಲಿನ ಗಡಿಯಾರ ನೀರಿಗೆ ಹೋತು."

"ನಾ ಟಗರಲ್ಲಪಾ!"

"ಟಗರು ಹೇಳಿದ್ದು ಕೇಳ್ತದ" ಎಂದಳು ಹೊರಗೆ ಬಂದ ಜನಾಬಾಯಿ. "ನೀವಿಬ್ರೂ ಕೇಳೂದಿಲ್ಲ."

ಬಳೆ ತೆಗೆಯುವಂತೆ ಮಗಳ ಕೈಗೆ ಸಾಬೂನು ಹಚ್ಚಿ ಹಿಂಡಿದಳು. ಪಟ್ಟಾ ಹೆಬ್ಬೆರಳ ಬುಡಕ್ಕೆ ಬಂದು ನಿಂತಿತು. ಛಾಯಾಳ ಕಣ್ಣಲ್ಲಿ ನೀರು. ದೂರದಲ್ಲಿ ಬಸ್ಸಿನ ಹಾರ್ನ್.

ಗೊಲ್ಲಾಳಪ್ಪ ಎದ್ದ. ಉಣ್ಣೆ ಕತ್ತರಿಸುವ ಕತ್ತರಿ ತಂದ. ತನ್ನ ಹೆಣಿಗೆಗೆ ತಾನೇ ಕತ್ತರಿ ಇಡುವ ದಿನ ಬಂತಲ್ಲ ಎಂದು ಹಲ್ಲು ಕಡಿದು, ಒಂದೇ ಏಟಿಗೆ ಕತ್ತರಿಸಿದ. ಉಳಿದ ದಾರ ಸೇರಿಸಿ, ಕುರಿದಡ್ಡಿಯ ಬಾಗಿಲಿಗೆ ಮಾಡುವ ಹಾಗೆ ಒಂದು ಕಡೆ ಕುಣಿಕೆ, ಇನ್ನೊಂದು ಕಡೆ ಅದರೊಳಗೆ ತೂರುವ ಜಾಲಿ ಕಟ್ಟಿಗೆಯ ಸಣ್ಣ ತುಂಡು ಕಟ್ಟಿದ. ಬಿಚ್ಚಿಕೊಂಡ ಎಳೆಗಳ ತುದಿಯನ್ನು ಒಲೆಯ ಕೆಂಡಕ್ಕೆ ತಾಗಿಸಿ ಕರಗಿಸಿ ಅಂಟಿಸಿದ. ಹೊರಗೆ ಬಸ್ ಬಂದು ನಿಂತು ಬಡಬಡಿಸುತ್ತಿತ್ತು.

ಛಾಯಾ ಓಡುತ್ತಲೇ ಪಟ್ಟಾ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಬಿಚ್ಚಾಕ ಬರ್ತದಪಾ!" ಎಂದು ಬಸ್ಸಿನ ಮೆಟ್ಟಿಲಿನಿಂದಲೇ ಕೈ ಎತ್ತಿ ತೋರಿಸಿದಳು.

"ಇದನ್ನೂ ಕಳಕೊಂಡು ಬಾ" ಎಂದು ಗೊಲ್ಲಾಳಪ್ಪ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗಿದ. "ಮುಂದಿಂದು ಕೊರಳಿಗೇ ಹೆಣೀತೀನಿ, ಗಂಟಿ ಸಹಿತ!"